ಎಲ್ಲವನ್ನೂ ಒಂದೇ ಜಾರಿಗೆ ಹಾಕಬೇಡಿ

ಮೈಸೂರಿನ ಸುತ್ತಮುತ್ತ ಹಿರಿಯರನ್ನು ನೋಡಿಕೊಳ್ಳುವ ಕೆಲವು ಆರೈಕೆ ಮನೆಗಳಿಗೆ ಡಯಟೀಷಿಯನ್ ಆಗಿ ಹೋಗಿಬರುವುದು ನನ್ನ ಕೆಲಸ. ಪಾರ್ಶ್ವವಾಯು ಹೊಡೆದವರು, ಪಾರ್ಕಿನ್ಸನ್ ಇರುವವರು, ಮರೆವಿನ ಕಾಯಿಲೆಯವರು, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರು ಇರುವ ಮನೆಗಳು. ಹೊಸ ಮನೆಗೆ ಹೋದಾಗ ಮೆನು ಚಾರ್ಟ್ ನೋಡುವುದಕ್ಕೆ ಮೊದಲು, ಮಧ್ಯಾಹ್ನದ ಊಟದ ಹೊತ್ತಿಗೆ ಅಡುಗೆಮನೆಯಲ್ಲಿ ನಿಂತು ಮಿಕ್ಸಿ ಜಾರಿಗೆ ಏನೇನು ಬೀಳುತ್ತದೆ ಅಂತ ನೋಡುತ್ತೇನೆ.

ಬಹಳ ಕಡೆ ಎಲ್ಲವೂ ಬೀಳುತ್ತದೆ. ಅನ್ನ, ಸಾರು, ಬೀನ್ಸ್ ಪಲ್ಯ, ಅದರ ಮೇಲೆ ಒಂದು ಸೌಟು ಮಜ್ಜಿಗೆ. ಜಾರು ತಿರುಗದಿದ್ದರೆ ಇನ್ನೊಂದು ಲೋಟ ನೀರು. ಹೊರಗೆ ಬರುವುದು ಮಾಸಲು ಹಸಿರು ಬಣ್ಣದ, ಹುಳಿಯೂ ಅಲ್ಲದ ಸಪ್ಪೆಯೂ ಅಲ್ಲದ ಒಂದು ಗಂಜಿ. ಹಲ್ಲಿಲ್ಲದವರಿಗೂ ಅದೇ, ಪಾರ್ಶ್ವವಾಯುವಿನಿಂದ ಅರ್ಧ ನಾಲಿಗೆ ಜಡವಾದವರಿಗೂ ಅದೇ, ಜ್ವರ ಬಿಟ್ಟು ಸುಸ್ತಾಗಿ ಮಲಗಿದವರಿಗೂ ಅದೇ. ಒಂದು ಮನೆಯಲ್ಲಿ ಒಬ್ಬ ಅಜ್ಜಿ, "ಇವತ್ತು ಏನಮ್ಮ ಅಡುಗೆ?" ಅಂತ ಕೇಳಿದರು. ತಿನ್ನಿಸುತ್ತಿದ್ದ ಹುಡುಗಿ, "ಊಟ ಅಜ್ಜಿ, ಬಾಯಿ ತೆಗೀರಿ" ಅಂದಳು. ಅವಳದೇನೂ ತಪ್ಪಿಲ್ಲ. ಆ ಬಟ್ಟಲಲ್ಲಿದ್ದದ್ದು ಏನು ಅಂತ ಅವಳಿಗೂ ಹೇಳುವುದು ಸಾಧ್ಯವಿರಲಿಲ್ಲ. ಆದರೆ ಎಪ್ಪತ್ತು ವರ್ಷ ತಾನೇ ಒಲೆ ಮುಂದೆ ನಿಂತು ಇಡೀ ಮನೆಗೆ ಬಡಿಸಿದ ಹೆಂಗಸು ತಾನು ತಿನ್ನುತ್ತಿರುವುದು ಏನು ಅಂತ ತಿಳಿಯದೆ ನುಂಗಬೇಕಾದದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇದು ಬರೀ ರುಚಿಯ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಆ ಜಾರಿನಲ್ಲಿ ಹಸಿವೂ ಇದೆ, ಅಪಾಯವೂ ಇದೆ. ನೀರು ಬೆರೆಸಿ ತಿರುವಿದಾಗ ಒಂದು ತಟ್ಟೆಯ ಊಟ ಎರಡು ಬಟ್ಟಲಾಗುತ್ತದೆ. ಮುಪ್ಪಿನಲ್ಲಿ ಹೊಟ್ಟೆ ಬೇಗ ತುಂಬಿದ ಹಾಗಾಗುತ್ತದೆ. ಅವರು ಒಂದು ಬಟ್ಟಲು ತಿಂದು ಸಾಕು ಅಂದರೆ ‘ಚೆನ್ನಾಗಿ ತಿಂದರು’ ಅಂತ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಒಳಗೆ ಹೋಗಿರುವುದು ಅರ್ಧ ಊಟ. ಕೆಲವು ತಿಂಗಳು ಕಳೆಯುವ ಹೊತ್ತಿಗೆ ಬಳೆ ಮೊಣಕೈ ತನಕ ಜಾರುತ್ತದೆ, ಬೆನ್ನಿನ ಹುಣ್ಣು ಮಾಯುವುದಿಲ್ಲ, ಮನೆಯವರು ಬಂದು ‘ವಯಸ್ಸಾಯಿತಲ್ಲ’ ಅಂದುಕೊಂಡು ಹೋಗುತ್ತಾರೆ. ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಒಂದು ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2020ರಲ್ಲಿ ಹೇಳಿದೆ. ವಯಸ್ಸಾದವರಿಗೆ, ಅದರಲ್ಲೂ ಹುಣ್ಣು ಮಾಯಬೇಕಾದವರಿಗೆ, ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ನೀರು ಬೆರೆಸಿದ ಸಾರನ್ನದಲ್ಲಿ ಅದು ಎಲ್ಲಿಂದ ಬರಬೇಕು? ಅರೆಯುವಾಗ ತೆಳ್ಳಗಾಗಬೇಕಿದ್ದರೆ ನೀರಿನ ಬದಲು ಹಾಲು, ಗಟ್ಟಿ ಬೇಳೆಕಟ್ಟು, ಮೊಸರು, ಹಾಲಿನ ಪುಡಿ ಹಾಕಿ ಅಂತ ಎಲ್ಲ ಅಡುಗೆಯವರಿಗೂ ಹೇಳುತ್ತೇನೆ. ಒಂದು ಟೀ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿ ಇದೆ. ಅನ್ನ ಅರೆದಾಗ ಬರುವ ಅಂಟನ್ನೂ ಅದು ಮುರಿಯುತ್ತದೆ.

ಇನ್ನು ಅಪಾಯ. ಊಟ ಮಾಡುವಾಗ ಕೆಮ್ಮು ಬಂದರೆ ನಾವೆಲ್ಲ ನೆತ್ತಿಗೇರಿತು ಅಂತ ತಲೆ ತಟ್ಟುತ್ತೇವೆ, ಬಾಯಿಗೆ ನೀರು ಹಿಡಿಯುತ್ತೇವೆ. ಆಗಿರುವುದು ತುತ್ತೋ ಗುಟುಕೋ ಅನ್ನನಾಳ ಬಿಟ್ಟು ಶ್ವಾಸನಾಳದ ಕಡೆ ಹೊರಟಿರುವುದು. ಕೆಮ್ಮು ಅದನ್ನು ಹೊರಗೆ ತಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ನೀರು ಕುಡಿಸಿದರೆ ನೀರೂ ಅದೇ ದಾರಿ ಹಿಡಿಯಬಹುದು. ಕೆಮ್ಮಲು ಬಿಡಬೇಕು, ಮುಂದಕ್ಕೆ ಬಾಗಿಸಿ ಕೂರಿಸಬೇಕು. ಕೆಮ್ಮಲೂ ಆಗದೆ, ಮಾತೂ ಹೊರಡದೆ ಉಸಿರು ಕಟ್ಟಿದರೆ ಅದು ಬೇರೆಯೇ ತುರ್ತು. ಬೆನ್ನಿಗೆ ಹೊಡೆದು, ಹೊಟ್ಟೆ ಒತ್ತಿ ಸಿಕ್ಕಿಕೊಂಡದ್ದನ್ನು ತೆಗೆಯುವ ಕ್ರಮವನ್ನು ಪ್ರತಿ ಪಾಳಿಯಲ್ಲೂ ಒಬ್ಬರಾದರೂ ಕಲಿತಿರಲೇಬೇಕು. ಕೆಲವರಿಗೆ ಕೆಮ್ಮೇ ಬರುವುದಿಲ್ಲ. ಗಂಟಲಿನ ಸ್ಪರ್ಶ ಸತ್ತಿರುತ್ತದೆ, ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಊಟವಾದ ಮೇಲೆ ದನಿ ಗೊರಗೊರ ಅನ್ನುವುದು, ಕಣ್ಣಲ್ಲಿ ನೀರು, ತುತ್ತು ಕೆನ್ನೆಯ ಒಂದೇ ಪಕ್ಕ ಉಳಿದಿರುವುದು, ಮತ್ತೆ ಮತ್ತೆ ಬಂದುಹೋಗುವ ಜ್ವರ, ಇವೆಲ್ಲ ಗುರುತುಗಳು. ಹೀಗೆ ಬರುವ ನ್ಯುಮೋನಿಯಾ ಹಾಸಿಗೆ ಹಿಡಿದವರ ಜೀವ ತೆಗೆಯುತ್ತದೆ. ಬಾಯಿ ಶುಚಿಯಾಗಿಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು, ಯಾಕೆಂದರೆ ತುತ್ತಿನ ಜೊತೆ ಬಾಯಿಯ ಕ್ರಿಮಿಗಳೂ ಇಳಿಯುತ್ತವೆ. ಹಾಗಾಗಿ ಹಲ್ಲಿನ ಸೆಟ್ ತೊಳೆಯುವುದು, ಊಟದ ನಂತರ ಬಾಯಿ ಒರೆಸುವುದು ನನ್ನ ಲೆಕ್ಕದಲ್ಲಿ ಊಟದ ಕೆಲಸದೊಳಗೇ ಬರುತ್ತದೆ.

ಯಾರಿಗೆ ಯಾವ ಹದ ಅಂತ ತೀರ್ಮಾನಿಸುವುದು ನನ್ನ ಕೆಲಸವೂ ಅಲ್ಲ, ಅಡುಗೆಯವರ ಕೆಲಸವೂ ಅಲ್ಲ. ನುಂಗುವುದನ್ನು ಪರೀಕ್ಷಿಸುವವರು ಸ್ಪೀಚ್ ಥೆರಪಿಸ್ಟ್‌ಗಳು. ಮೈಸೂರಿನವರ ಪುಣ್ಯ, ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅದು ಮಾತು ಬಾರದ ಮಕ್ಕಳಿಗೆ ಮಾತ್ರ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ನುಂಗಲು ಕಷ್ಟವಾಗುವ ಹಿರಿಯರನ್ನೂ ಅಲ್ಲಿಗೆ ಕರೆದುಕೊಂಡು ಹೋಗಬಹುದು. ಬೇರಿಯಂ ಬೆರೆಸಿದ ತುತ್ತು ಕೊಟ್ಟು ಅದು ಗಂಟಲಲ್ಲಿ ಇಳಿಯುವುದನ್ನು ಎಕ್ಸ್‌ರೇಯಲ್ಲಿ ನೋಡುವ ಪರೀಕ್ಷೆ ಇದೆ, ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ ನೋಡುವುದೂ ಇದೆ. ಅವರು ಬರೆದುಕೊಟ್ಟ ಹದವನ್ನು ಅಡುಗೆಮನೆಯಲ್ಲಿ ಸರಿಯಾಗಿ ತರುವುದು ನಮ್ಮ ಪಾಲಿನ ಕೆಲಸ.

ಹದ ಅಂದರೆ ಅಂದಾಜು ಅಂತ ಇತ್ತು. ಈಗ ಅದಕ್ಕೊಂದು ಅಳತೆ ಇದೆ. ಐ.ಡಿ.ಡಿ.ಎಸ್.ಐ. ಎಂಬ ಅಂತರರಾಷ್ಟ್ರೀಯ ಗುಂಪು 2013ರಲ್ಲಿ ಶುರುವಾಗಿ, ನೀರಿನಿಂದ ಮಾಮೂಲಿ ಊಟದ ತನಕ 0ಯಿಂದ 7ರವರೆಗೆ ಎಂಟು ಹಂತ ಮಾಡಿದೆ. ಒಂದೊಂದಕ್ಕೂ ಒಂದು ಬಣ್ಣ. ನಮ್ಮ ಮನೆಗಳಿಗೆ ಹೆಚ್ಚು ಬೇಕಾಗುವುದು ಮೂರು: ಅರೆದು ನುಣ್ಣಗೆ ಮಾಡಿದ 4ನೇ ಹಂತ ಹಸಿರು, ಸಣ್ಣಗೆ ಹಿಸುಕಿ ಗಟ್ಟಿ ರಸದಲ್ಲಿ ಕಲಸಿದ 5ನೇ ಹಂತ ಕಿತ್ತಳೆ, ಮೆತ್ತಗೆ ಬೆಂದ ಸಣ್ಣ ಹೋಳುಗಳ 6ನೇ ಹಂತ ನೀಲಿ. ಅಳೆಯಲು ಯಂತ್ರ ಬೇಡ, ಒಂದು ಫೋರ್ಕ್ ಸಾಕು. ಅದರ ಹಲ್ಲುಗಳ ನಡುವಿನ ಸಂದು ಸುಮಾರು 4 ಮಿಲಿಮೀಟರ್, ಕಿತ್ತಳೆ ಹಂತದ ತುಣುಕು ಅದಕ್ಕಿಂತ ದೊಡ್ಡದಿರಬಾರದು. ನೀಲಿಯಲ್ಲಿ ಹೋಳು ಒಂದೂವರೆ ಸೆಂಟಿಮೀಟರ್ ಮೀರಬಾರದು. ಫೋರ್ಕ್ ಇಟ್ಟು ಹೆಬ್ಬೆರಳಿನ ಉಗುರು ಬಿಳಿಚುವಷ್ಟು ಒತ್ತಿದರೆ ಹೋಳು ಜಜ್ಜಿಹೋಗಬೇಕು, ಕೈ ತೆಗೆದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಬರಬಾರದು. ಹಸಿರು ಹಂತದ್ದು ಚಮಚದಲ್ಲಿ ಆಕಾರ ಹಿಡಿದು ನಿಲ್ಲಬೇಕು, ಓರೆ ಮಾಡಿದರೆ ಇಡಿಯಾಗಿ ಜಾರಬೇಕು, ಚಮಚಕ್ಕೆ ಅಂಟಿ ಕೂರಬಾರದು. ಒಂದು ಮನೆಯಲ್ಲಿ ಈ ಬಣ್ಣಗಳ ಟೇಪನ್ನು ತಟ್ಟೆಗಳ ಅಂಚಿಗೆ ಸುತ್ತಿದ್ದೇವೆ. ರಾತ್ರಿ ಪಾಳಿಗೆ ಹೊಸಬರು ಬಂದರೂ ತಟ್ಟೆ ಅದಲುಬದಲಾಗುವುದಿಲ್ಲ.

ಈ ಹಂತಗಳ ಪಟ್ಟಿಯಲ್ಲಿ ರಾಗಿ ಮುದ್ದೆ ಅಂತ ಬರೆದಿರುವುದಿಲ್ಲ. ನಮಗೆ ಅದೇ ದೊಡ್ಡ ಪ್ರಶ್ನೆ. ಮಂಡ್ಯದ ಕಡೆಯ ಒಬ್ಬರು ತಾತ, ಬಲಗಡೆ ಪಾರ್ಶ್ವವಾಯು, ಹಸಿರು ಹಂತ ಅಂತ ಬರೆದುಕೊಟ್ಟಿದ್ದರು. "ಮುದ್ದೆ ಕಾಣದೆ ಉಂಡದ್ದು ಉಂಡಂಗಾಗಕಿಲ್ಲ ಕಣವ್ವ" ಅಂತ ಅನ್ನವನ್ನು ಪಕ್ಕಕ್ಕೆ ತಳ್ಳುತ್ತಿದ್ದರು. ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ಹಾಗೇ ನುಂಗುತ್ತಾರೆ. ಗಂಟಲು ಗಟ್ಟಿ ಇದ್ದವರಿಗೆ ಅದು ಸಲೀಸು. ನುಂಗುವ ಶಕ್ತಿ ಕುಂದಿದವರ ಗಂಟಲಲ್ಲಿ ಆ ಅಂಟು ತುತ್ತು ನಿಂತರೆ ಉಸಿರೇ ನಿಲ್ಲುತ್ತದೆ. ಅವರ ಮಗ, "ಒಂದು ಚಿಕ್ಕ ಗೋಲಿಯಷ್ಟು ಕೊಡಿ ಮೇಡಂ, ಅಪ್ಪ ಕೇಳ್ತಾವ್ರೆ" ಅಂತ ಬೇಡಿಕೊಂಡರು. ಆಗದು ಅಂತ ಹೇಳುವುದು ನನ್ನ ಕರ್ತವ್ಯವಾಗಿತ್ತು. ಆದರೆ ಆಗದು ಅಂದಷ್ಟಕ್ಕೆ ನನ್ನ ಕೆಲಸ ಮುಗಿಯುವುದಿಲ್ಲ.

ನಾವು ಮಾಡಿದ್ದು ಇಷ್ಟು. ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದೆ ಕದಡಿ, ಸೋಸಿ, ಚೆನ್ನಾಗಿ ಬೇಯಿಸಿ, ಚಮಚದಲ್ಲಿ ನಿಲ್ಲುವ ಗಟ್ಟಿ ಗಂಜಿ. ಹಸಿ ವಾಸನೆ ಹೋಗಿ ಮುದ್ದೆಯ ಘಮ ಬರುವ ತನಕ ಒಲೆ ಮೇಲಿರಬೇಕು. ಪಕ್ಕದಲ್ಲಿ ಬಸ್ಸಾರು: ಸೊಪ್ಪು ಮತ್ತು ಕಾಳು ಬಸಿದ ಕಟ್ಟಿಗೆ ರುಬ್ಬಿದ ಮಸಾಲೆ, ಆಮೇಲೆ ಅದೇ ಕಾಳನ್ನು ಸಿಪ್ಪೆ ತೆಗೆದು ನುಣ್ಣಗೆ ಅರೆದು ಸೇರಿಸಿ, ಜರಡಿಯಲ್ಲಿ ಸೋಸಿ, ಗಂಜಿಯಷ್ಟೇ ಮಂದ. ಎರಡನ್ನೂ ಬೆರೆಸಲಿಲ್ಲ. ಚಮಚದ ತುದಿಯಲ್ಲಿ ರಾಗಿ, ಅದರ ಮೇಲೆ ಬಸ್ಸಾರು, ಒಂದೊಂದೇ ತುತ್ತು. ತಾತ ಮೊದಲ ತುತ್ತಿಗೆ ಏನೂ ಹೇಳಲಿಲ್ಲ. ನಾಲ್ಕನೆಯದಕ್ಕೆ, "ಉಪ್ಪು ಒಸಿ ಕಮ್ಮಿ" ಅಂದರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ. ಉಪ್ಪಿನ ಮಾತು ಬಂದರೆ ನಾಲಿಗೆ ಊಟವನ್ನು ಗುರುತಿಸಿದೆ ಅಂತ ಅರ್ಥ.

ಇಲ್ಲಿ ಒಂದು ಎಚ್ಚರಿಕೆ, ಮನೆಯಲ್ಲೇ ಹಿರಿಯರನ್ನು ನೋಡಿಕೊಳ್ಳುವವರಿಗೂ ಸೇರಿ. ಈ ಗಂಜಿಗೆ ಮೊಳಕೆ ಕಟ್ಟಿದ ರಾಗಿ ಹಿಟ್ಟು ಬಳಸಬೇಡಿ. ಮೊಳಕೆ ಬರಿಸಿದಾಗ ಧಾನ್ಯದಲ್ಲಿ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಬೇಯುತ್ತಿರುವಾಗಲೇ ಪಿಷ್ಟವನ್ನು ಒಡೆದು ಗಂಜಿಯನ್ನು ತೆಳ್ಳಗೆ ಮಾಡುತ್ತದೆ. ಮಗುವಿಗೆ ಇದು ವರ, ಹೆಚ್ಚು ಹಿಟ್ಟು ಹಾಕಿದರೂ ಮಗು ಕುಡಿಯುವ ಹದಕ್ಕೇ ಇರುತ್ತದೆ. ನಮ್ಮ ಊರಿನದೇ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಆಗಿರುವ ಕೆಲಸ ದೊಡ್ಡದು. ಆದರೆ ಮಂದವಾಗಿದ್ದರೆ ಮಾತ್ರ ಕ್ಷೇಮ ಅನ್ನುವ ಗಂಟಲಿಗೆ ಅದೇ ಗುಣ ಅಪಾಯ. ಇದೇ ಅಮೈಲೇಸ್ ನಮ್ಮ ಜೊಲ್ಲಿನಲ್ಲೂ ಇದೆ. ಬಾಯಿಗೆ ಹೋದ ಚಮಚ ಮತ್ತೆ ಮತ್ತೆ ಬಟ್ಟಲಿಗೆ ಬಂದರೆ, ಇಪ್ಪತ್ತು ನಿಮಿಷದಲ್ಲಿ ರಾಗಿ ಗಂಜಿಯೋ ಕಾರ್ನ್‌ಫ್ಲೋರ್ ಹಾಕಿದ ಹಾಲೋ ತಳದಲ್ಲಿ ನೀರೊಡೆದಿರುತ್ತದೆ. ಅದಕ್ಕೇ ಚಿಕ್ಕ ಬಟ್ಟಲಿಗೆ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡು ತಿನ್ನಿಸಿ, ಉಳಿದದ್ದು ಮುಚ್ಚಿಟ್ಟ ಪಾತ್ರೆಯಲ್ಲಿರಲಿ.

ನಮ್ಮ ಅಡುಗೆಯಲ್ಲಿ ಒಗ್ಗರಣೆಯೂ ಒಂದು ತೊಡಕು. ಸಾಸಿವೆ, ಕರಿಬೇವು, ಕಡ್ಲೆಬೇಳೆ, ಒಣಮೆಣಸಿನಕಾಯಿ ಚೂರು, ಎಲ್ಲವೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಪದಾರ್ಥಗಳು. ಅದಕ್ಕೆ ಬಹಳ ಮನೆಗಳು ಹಿಡಿದಿರುವ ದಾರಿ ಒಗ್ಗರಣೆಯನ್ನೇ ಬಿಟ್ಟುಬಿಡುವುದು. ಹಾಗೆ ಮಾಡಬೇಡಿ. ತುಪ್ಪದಲ್ಲಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು ಹಾಕಿ ಘಮ ಬಿಟ್ಟ ಮೇಲೆ ಸ್ಟೀಲಿನ ಟೀ ಜರಡಿಯಲ್ಲಿ ಸೋಸಿ. ತುಪ್ಪ ಮಾತ್ರ ಸಾರಿಗೆ ಬೀಳಲಿ. ಪರಿಮಳ ಪೂರ್ತಿ ಬರುತ್ತದೆ, ಚೂರು ಒಂದೂ ಬರುವುದಿಲ್ಲ. ವಯಸ್ಸಿನಲ್ಲಿ, ಔಷಧಿಗಳ ನಡುವೆ, ರುಚಿ, ವಾಸನೆ ಹಿಡಿಯುವ ಶಕ್ತಿಯೇ ಕಡಿಮೆಯಾಗಿರುವಾಗ ಇಂಗಿನ ಒಗ್ಗರಣೆ ತೆಗೆದರೆ ಉಳಿಯುವುದೇನು?

ಹಾಗೆಯೇ, ಎರಡು ಹದ ಒಂದೇ ತುತ್ತಿನಲ್ಲಿ ಇರುವ ಪದಾರ್ಥಗಳ ಮೇಲೆ ಕಣ್ಣಿಡಬೇಕು. ತೆಳು ಸಾರಲ್ಲಿ ತೇಲುವ ಅನ್ನದ ಅಗುಳು, ಹಾಲಲ್ಲಿ ನೆನೆದ ಅವಲಕ್ಕಿ, ಸಾಂಬಾರಲ್ಲಿ ತುಂಡು ತುಂಡಾದ ಇಡ್ಲಿ, ಕಲ್ಲಂಗಡಿ, ಕಿತ್ತಳೆ ತೊಳೆ. ಅಗಿಯುತ್ತಿರುವಾಗಲೇ ರಸ ಮುಂದೆ ಓಡುತ್ತದೆ, ತುಂಡು ಹಿಂದೆ ಉಳಿಯುತ್ತದೆ. ಐಸ್‌ಕ್ರೀಂ, ಜೆಲ್ಲಿ ತಟ್ಟೆಯಲ್ಲಿ ಗಟ್ಟಿ, ಬಾಯಲ್ಲಿ ನೀರು. ಉದುರುದುರಾದ ಉಪ್ಪಿಟ್ಟು ಬಾಯಿ ತುಂಬ ಚದುರುತ್ತದೆ. ಬ್ರೆಡ್ ಮೆತ್ತಗಿದೆಯಲ್ಲ ಅಂತ ಎಲ್ಲರೂ ಕೊಡುತ್ತಾರೆ, ಜೊಲ್ಲಿಗೆ ಅದು ಅಂಟಾಗಿ ಮೇಲಂಗಳಕ್ಕೆ ಹತ್ತಿಕೊಳ್ಳುತ್ತದೆ. ಸ್ಪೀಚ್ ಥೆರಪಿಸ್ಟ್ ನೋಡಿ ಒಪ್ಪದೆ 5, 6ನೇ ಹಂತದವರಿಗೂ ಬ್ರೆಡ್ ಬೇಡ. ನಮ್ಮ ಮೊಸರನ್ನ ಮಾತ್ರ, ಮೆದುವಾಗಿ ಬೇಯಿಸಿ, ಬಿಸಿ ಇರುವಾಗಲೇ ಹಾಲು ಹಾಕಿ ಮಸೆದು, ಆರಿದ ಮೇಲೆ ಗಟ್ಟಿ ಮೊಸರು ಸೇರಿಸಿದರೆ ಕಿತ್ತಳೆ ಹಂತಕ್ಕೆ ಹೇಳಿ ಮಾಡಿಸಿದ ಊಟ. ನೀರು ಬಿಟ್ಟುಕೊಂಡಿರಬಾರದು ಅಷ್ಟೆ. ಹೊಸ ಅಕ್ಕಿ ಅಂಟಾಗುತ್ತದೆ, ಹಳೆ ಅಕ್ಕಿ ಇರಲಿ.

ಇಷ್ಟೂ ಮಾಡುವುದಕ್ಕೆ ಬೇಕಾಗಿರುವುದು ಮೂರು ಚಿಕ್ಕ ಜಾರು ಮತ್ತು ಭಾಗಗಳಿರುವ ಸ್ಟೀಲ್ ತಟ್ಟೆ. ಕುಂಬಳಕಾಯಿ ಪಲ್ಯ ಬೇರೆ, ಬೇಳೆ ಹುಳಿ ಬೇರೆ, ಅನ್ನ ಬೇರೆ ಅರೆಯಿರಿ. ಹಳದಿ, ಕೆಂಪು, ಬಿಳಿ ಕಣ್ಣಿಗೆ ಕಾಣಬೇಕು. ‘ಟೈಮ್ ಎಲ್ಲಿದೆ ಮೇಡಂ’ ಅನ್ನುತ್ತಾರೆ. ಒಬ್ಬರೇ ಅಡುಗೆಯಮ್ಮ ಇಡೀ ಮನೆಗೆ ಮಾಡುವ ಕಡೆ ಅದು ನಿಜವಾದ ಕಷ್ಟ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಅಡುಗೆಯಮ್ಮನ ಕೊರತೆ ಅಲ್ಲ, ಮನೆ ನಡೆಸುವವರು ಇನ್ನೊಂದು ಕೈ ಕೊಡಬೇಕಾದ ಜಾಗ. ತಿಂಗಳ ಶುಲ್ಕ ಕಟ್ಟುವ ಮಕ್ಕಳು ಟಿ.ವಿ., ಎ.ಸಿ., ಅಟ್ಯಾಚ್ಡ್ ಬಾತ್‌ರೂಮ್ ಇದೆಯೇ ಅಂತ ಕೇಳುತ್ತಾರೆ. ಮಧ್ಯಾಹ್ನ ಹನ್ನೆರಡೂವರೆಗೆ ಬಂದು ಊಟ ಬಡಿಸುವುದನ್ನು ನೋಡುತ್ತೇವೆ ಅಂತ ಕೇಳಿ. ಒಳ್ಳೆಯ ಮನೆ ಬೇಡ ಅನ್ನುವುದಿಲ್ಲ.

ಕುಡಿಯುವುದರ ಬಗ್ಗೆ ಈಗ. ತೆಳು ನೀರು ಬೇಗ ಓಡುವುದರಿಂದ ಕೆಲವರಿಗೆ ಅದನ್ನೂ ಮಂದ ಮಾಡಿ ಕೊಡಿ ಅಂತ ಬರೆಯುತ್ತಾರೆ. ಮಂದ ಮಾಡಿದ ನೀರು ಯಾರಿಗೂ ಇಷ್ಟವಾಗುವುದಿಲ್ಲ, ಬಾಯಾರಿಕೆ ತೀರಿದ ಹಾಗೆ ಅನಿಸುವುದಿಲ್ಲ. ಅವರು ಕಡಿಮೆ ಕುಡಿಯುತ್ತಾರೆ, ಮೂತ್ರ ಗಾಢವಾಗುತ್ತದೆ, ಮಲ ಕಟ್ಟುತ್ತದೆ, ಗೊಂದಲದ ಮಾತು ಶುರುವಾಗುತ್ತದೆ, ಮನೆಯವರು ಮರೆವು ಜಾಸ್ತಿಯಾಯಿತು ಅಂದುಕೊಳ್ಳುತ್ತಾರೆ. ಮಂದ ಪಾನೀಯದಿಂದ ಎಷ್ಟು ಲಾಭ ಅನ್ನುವುದರ ಬಗ್ಗೆ ತಜ್ಞರ ನಡುವೆಯೇ ಚರ್ಚೆ ಇದೆ. ಒಮ್ಮೆ ಬರೆದ ಚೀಟಿ ಜೀವಮಾನಕ್ಕೆ ಅಂತ ಇಟ್ಟುಕೊಳ್ಳದೆ ಮರುಪರೀಕ್ಷೆ ಮಾಡಿಸಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಅಲ್ಲಿಯ ತನಕ ನೀರಿನ ಬದಲು ರುಚಿ ಇರುವುದನ್ನು ಮಂದ ಮಾಡಿ ಕೊಡುವುದು ಮೇಲು: ಶುಂಠಿ ಜಜ್ಜಿ ಸೋಸಿದ ಉಪ್ಪು ಮಜ್ಜಿಗೆ, ಬೆಲ್ಲದ ಪಾನಕ, ಸೋಸಿದ ಸಾರು.

ಮತ್ತೆ ಕಾಫಿ. ಮೈಸೂರಿನ ಹಿರಿಯರಿಗೆ ಬೆಳಗಿನ ಫಿಲ್ಟರ್ ಕಾಫಿ ತಪ್ಪಿಸಿದರೆ ಮಿಕ್ಕ ದಿನದ ಊಟವೂ ತಪ್ಪುತ್ತದೆ. ಒಬ್ಬ ನಿವೃತ್ತ ಮೇಷ್ಟ್ರು, ಪಾರ್ಕಿನ್ಸನ್, ಪಾನೀಯಗಳು 2ನೇ ಹಂತ. "ಇದು ಕಾಫಿನಾ, ಗೋಂದಾ?" ಅಂತ ಲೋಟ ಹಿಂದಿರುಗಿಸಿದರು. ನೋಡಿದರೆ ಬೆರೆಸುವವರು ಪಾನೀಯ ಮಂದ ಮಾಡುವ ಪುಡಿ ಹಾಕಿ, ಕೂಡಲೇ ಮಂದವಾಗಲಿಲ್ಲ ಅಂತ ಇನ್ನೆರಡು ಚಮಚ ಹಾಕುತ್ತಿದ್ದರು. ಕ್ಸಾಂಥನ್ ಗೋಂದಿನ ಪುಡಿ ನೀರಿಗಿಂತ ಹಾಲಿನಲ್ಲಿ ನಿಧಾನವಾಗಿ ಹಿಡಿಯುತ್ತದೆ. ಅಳತೆಯಷ್ಟೇ ಹಾಕಿ, ಕಲಕಿ, ಪೊಟ್ಟಣದಲ್ಲಿ ಹೇಳಿದಷ್ಟು ಹೊತ್ತು ಬಿಡಬೇಕು. ನೊರೆ ಎಬ್ಬಿಸಬಾರದು. ಆಮೇಲೆ ಅಳೆಯಬೇಕು: ಸೂಜಿ ಇಲ್ಲದ, ಪಿಸ್ಟನ್ ತೆಗೆದ 10 ಎಂ.ಎಲ್. ಸಿರಿಂಜ್, ತುದಿಗೆ ಬೆರಳು, 10ರ ಗೆರೆ ತನಕ ಕಾಫಿ. ಬೆರಳು ತೆಗೆದು ಹತ್ತು ಸೆಕೆಂಡಿಗೆ ಮತ್ತೆ ಮುಚ್ಚಿ. 1ರಿಂದ 4 ಎಂ.ಎಲ್. ಉಳಿದರೆ ಮೊದಲ ಹಂತ, 4ರಿಂದ 8 ಉಳಿದರೆ ಎರಡನೆಯದು, ಅದಕ್ಕೂ ಮೇಲೆ ಉಳಿದು ಇನ್ನೂ ತೊಟ್ಟಿಕ್ಕುತ್ತಿದ್ದರೆ ಮೂರನೆಯದು. ಯಾವ ಸಿರಿಂಜ್ ಆದರೂ ಆಗುತ್ತದೆ ಅಂತಲ್ಲ. 0ಯಿಂದ 10ರ ಗೆರೆಗೆ 61.5 ಮಿಲಿಮೀಟರ್ ಉದ್ದ ಇರಬೇಕು, ಮಕ್ಕಳ ಸ್ಕೇಲ್ ಇಟ್ಟು ನೋಡಿಕೊಳ್ಳಿ. ಮೇಷ್ಟ್ರಿಗೆ ಡಿಕಾಕ್ಷನ್ ಸ್ಟ್ರಾಂಗ್ ಮಾಡಿ, ಹಾಲು ಕಡಿಮೆ ಮಾಡಿ, ಸರಿಯಾದ ಮಂದದಲ್ಲಿ ಕೊಟ್ಟೆವು. ಅವರದೇ ಲೋಟ, ಅವರದೇ ಹೊತ್ತು. ಈಗ ಕುಡಿಯುತ್ತಾರೆ. ಅವರ ಊಟದ ಸಮಯವನ್ನೂ ಬದಲಿಸಿದೆವು. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ ಹೋದರೆ ಕೈ, ನಾಲಿಗೆ, ಗಂಟಲು ಸಡಿಲವಾಗಿರುವ ಹೊತ್ತಿನಲ್ಲಿ ಊಟ ಬರುತ್ತದೆ. ಪ್ರೋಟೀನ್ ಜೊತೆ ಬಿದ್ದರೆ ಆ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಇದನ್ನು ಡಾಕ್ಟರನ್ನು ಕೇಳಿಯೇ ಮಾಡಬೇಕು. ಮಾತ್ರೆ ಕುಟ್ಟಿ ಕೊಡುವುದನ್ನೂ ಕೇಳಿಯೇ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಕುಟ್ಟಿದರೆ ಇಡೀ ದಿನದ ಮದ್ದು ಒಮ್ಮೆಲೇ ಇಳಿಯುತ್ತದೆ.

ಹದದ ಮೇಲೆ ಪಥ್ಯಗಳು ಬಂದು ಕೂರುತ್ತವೆ. ಕಿಡ್ನಿ ಕುಂದಿದವರಿಗೆ ತರಕಾರಿ ಹೆಚ್ಚು ನೀರಲ್ಲಿ ಬೇಯಿಸಿ ನೀರು ಚೆಲ್ಲುವುದು, ಎಳನೀರು ಬೇಡ ಅನ್ನುವುದು, ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ ಅಂತ ಎಚ್ಚರಿಸುವುದು. ಇವು ಬಹಳ ಜನಕ್ಕೆ ಗೊತ್ತು. ಸಕ್ಕರೆ ಕಾಯಿಲೆಯ ವಿಷಯದಲ್ಲಿ ನಾನು ಸ್ವಲ್ಪ ಜಗಳ ಮಾಡುತ್ತೇನೆ. ಎಂಬತ್ತೈದು ದಾಟಿ, ತೂಕ ಇಳಿಯುತ್ತಿರುವ, ಅರೆದ ಊಟವನ್ನೇ ತಿನ್ನುತ್ತಿರುವವರಿಗೆ ಸಿಹಿ ಇಲ್ಲ, ಅನ್ನ ಒಂದೇ ಸೌಟು, ಬಾಳೆಹಣ್ಣು ಇಲ್ಲ ಅಂತ ಕಟ್ಟುವುದರಲ್ಲಿ ಏನು ಸಾಧನೆ? ಆರೈಕೆ ಮನೆಯಲ್ಲಿರುವ ಹಿರಿಯರಿಗೆ ಬಿಗಿ ಪಥ್ಯ ಬೇಡ, ಬೇಕಿದ್ದರೆ ಔಷಧಿ ಹೊಂದಿಸಿ ಅನ್ನುವ ಅರ್ಥದ ಮಾತನ್ನು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2016ರಲ್ಲೇ ಹೇಳಿದೆ. ಸಕ್ಕರೆ ಕುಸಿಯುವುದು ಅವರಿಗೆ ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ.

ಆಮೇಲೆ ಆಚಾರ. ಇದನ್ನು ಯಾವ ಚಾರ್ಟೂ ಹೇಳುವುದಿಲ್ಲ. ಒಬ್ಬ ಮಾಧ್ವ ಅಜ್ಜಿ ಚಾತುರ್ಮಾಸ್ಯ ಬಿಡಲಿಲ್ಲ. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆ ಇಲ್ಲ. ಕಾಯಿಲೆಯವರಿಗೆ ಇದೆಲ್ಲ ಯಾಕಮ್ಮ ಅಂತ ಮಗ ಹೇಳಿ ನೋಡಿದರು. "ಕಾಲು ಹೋಯ್ತು, ಕೈ ಹೋಯ್ತು, ಇದೊಂದಾದ್ರೂ ನನ್ನ ಕೈಲಿರ್ಲಿ" ಅಂದರು ಅಜ್ಜಿ. ಆ ಮಾತಿನ ಮೇಲೆ ನಾನು ವಾದ ಮಾಡಲಿಲ್ಲ, ಚಾರ್ಟ್ ಬದಲಿಸಿದೆ. ನಿಜ ಹೇಳಬೇಕೆಂದರೆ ಆ ವ್ರತಗಳ ಕ್ರಮದಲ್ಲಿ ಪ್ರೋಟೀನ್ ಪೂರ್ತಿ ನಿಲ್ಲುವ ತಿಂಗಳು ಒಂದೂ ಇಲ್ಲ. ಮೊಸರು ಬಿಟ್ಟಾಗ ಹಾಲನ್ನ ಮಸೆದು ಕೊಡಬಹುದು, ಹಾಲು ಬಿಟ್ಟಾಗ ಗಟ್ಟಿ ಮೊಸರು, ಬೇಳೆ ಬಿಟ್ಟಾಗ ಎರಡೂ ಇವೆ. ತರಕಾರಿ ಇಲ್ಲದ ತಿಂಗಳು ಹೆಸರುಬೇಳೆಗೆ ಮೆಣಸು, ಜೀರಿಗೆ ಅರೆದು ಮಾಡಿದ ತೊವ್ವೆ. ಏಕಾದಶಿಯ ಉಪವಾಸಕ್ಕೆ ಮಾತ್ರ ಡಾಕ್ಟರ್ ಜೊತೆ ಮಾತಾಡಿ, ಮಂದ ಮಾಡಿದ ಹಾಲು, ಹಣ್ಣಿನ ರಸಕ್ಕೆ ಒಪ್ಪಿಸಿದೆವು. ಇದೇ ಮನೆಯಲ್ಲಿ ರಂಜಾನಿನಲ್ಲಿ ಇಫ್ತಾರಿನ ಹೊತ್ತಿಗೆ ಖರ್ಜೂರವನ್ನು ಸಿಪ್ಪೆ ತೆಗೆದು ಹಾಲಲ್ಲಿ ಅರೆದು ಕೊಡುವುದೂ ನಡೆಯುತ್ತದೆ. ಬೆಳ್ಳುಳ್ಳಿ ತಿನ್ನದವರಿಗೆ ಮಿಕ್ಸಿ ಜಾರೇ ಬೇರೆ, ಅದರ ಮೇಲೆ ಹೆಸರು ಬರೆದಿದೆ.

ತಿನ್ನಿಸುವವರ ಬಗ್ಗೆ ಒಂದು ಮಾತು. ಪಕ್ಕದಲ್ಲಿ ಕೂತು ತಿನ್ನಿಸಬೇಕು, ನಿಂತು ಅಲ್ಲ. ನಿಂತರೆ ಅವರು ಕತ್ತೆತ್ತಿ ನೋಡುತ್ತಾರೆ, ಕತ್ತೆತ್ತಿದರೆ ಶ್ವಾಸನಾಳ ತೆರೆದುಕೊಳ್ಳುತ್ತದೆ. ಬೆನ್ನು ನೆಟ್ಟಗೆ, ಗದ್ದ ಕೊಂಚ ಕೆಳಗೆ, ಟೀ ಚಮಚದಷ್ಟು ತುತ್ತು, ಹಿಂದಿನದು ಇಳಿದಿದೆಯೇ ಅಂತ ನೋಡಿ ಮುಂದಿನದು. ಊಟವಾಗಿ ಅರ್ಧ ಗಂಟೆ ಮಲಗಿಸಬಾರದು. ಈ ಕೆಲಸ ಮಾಡುವ ಹುಡುಗಿಯರು ಬಹಳ ಮಂದಿ ದೂರದೂರಿನವರು, ಕಡಿಮೆ ಸಂಬಳ, ಒಬ್ಬೊಬ್ಬರ ಪಾಲಿಗೆ ಹಲವು ಬಾಯಿಗಳು. ಒಂದು ಊಟಕ್ಕೆ ಅರ್ಧ ಗಂಟೆ ಬೇಕು ಅಂತ ನಾನು ಬರೆದರೆ, ಆ ಅರ್ಧ ಗಂಟೆಯನ್ನು ಕೊಡಬೇಕಾದವರು ಮ್ಯಾನೇಜ್‌ಮೆಂಟ್‌ನವರು.

ಸಂಕ್ರಾಂತಿ ಬಂತು. ಎಲ್ಲ ಮನೆಗಳಿಂದಲೂ ಒಂದೇ ಪ್ರಶ್ನೆ ಬರುತ್ತಿದೆ, ಎಳ್ಳುಬೆಲ್ಲಕ್ಕೆ ಏನು ಮಾಡುವುದು ಅಂತ. ಕೊಬ್ಬರಿ ಚೂರು, ಕಡಲೆಬೀಜ, ಬೆಲ್ಲದ ಅಚ್ಚು ಈ ಮೂರರಲ್ಲಿ ಯಾವ ಹಂತಕ್ಕೂ ಸಲ್ಲದು. ಬಿಳಿ ಎಳ್ಳು ಹುರಿದು, ನೆನೆಸಿ, ಹಾಲಲ್ಲಿ ನುಣ್ಣಗೆ ರುಬ್ಬಿ, ಸೋಸಿ, ಬೆಲ್ಲದ ಪಾಕ ಹಾಕಿ ಕುದಿಸಿ ಚಮಚದಲ್ಲಿ ನಿಲ್ಲುವಷ್ಟು ಮಂದ ಮಾಡಿ. ಚಿಕ್ಕ ಬಟ್ಟಲಲ್ಲಿ ಕೊಡಿ, ಪಕ್ಕದಲ್ಲಿಡುವ ಕಬ್ಬಿನ ತುಂಡು ನೋಡಲು ಮಾತ್ರ.

ಊಟಕ್ಕೆ ಹಿತಕಿದ ಅವರೆಬೇಳೆ ಸಾರು. ಸಿಪ್ಪೆ ಹಿತಕಿ ತೆಗೆಯುವುದರಿಂದ ನಮ್ಮ ಕಾಳುಗಳಲ್ಲೇ ಇದು ಈ ಅಡುಗೆಗೆ ಅತಿ ಅನುಕೂಲವಾದದ್ದು. ಕಾಳು ರಾತ್ರಿ ನೆನೆಸಿ ಬೆಳಿಗ್ಗೆ ಹಿತಕಿ. ಕೈ ಆಡಿಸಬಲ್ಲ ಅಜ್ಜಿಯರನ್ನೂ ಸುತ್ತ ಕೂರಿಸಿಕೊಳ್ಳಿ, ನಿಮಗಿಂತ ಬೇಗ ಮುಗಿಸುತ್ತಾರೆ. ಎರಡು ಬೆರಳಲ್ಲಿ ಒತ್ತಿದರೆ ಹಿಟ್ಟಾಗುವ ತನಕ ಬೇಯಿಸಿ. ಕಾಯಿ, ದನಿಯ, ಚಕ್ಕೆ, ಲವಂಗ, ಹುರಿಗಡಲೆ, ಶುಂಠಿ ನುಣ್ಣಗೆ ರುಬ್ಬಿ ಜರಡಿ ಹಿಡಿಯಿರಿ. ಕಿತ್ತಳೆ ತಟ್ಟೆಗೆ ಬೇಳೆಯನ್ನು ಫೋರ್ಕಿನಲ್ಲಿ ಹಿಸುಕಿ ಗಟ್ಟಿ ರಸದಲ್ಲಿ ಕಲಸಿ, ಮಸೆದ ಅನ್ನದ ಪಕ್ಕ ಬಡಿಸಿ. ಹಸಿರು ತಟ್ಟೆಗೆ ಬೇಳೆಯನ್ನು ಅದರದೇ ರಸದಲ್ಲಿ ಅರೆದು ಸೋಸಿ, ಸೋಸಿದ ಒಗ್ಗರಣೆ ತುಪ್ಪ ಹಾಕಿ. ಕಿಡ್ನಿ ಪಥ್ಯದವರಿಗೆ ಬೇಳೆ ಕಡಿಮೆ, ರಸ ಅಷ್ಟೇ ಕಡಿಮೆ. ಬಡಿಸುವ ಬಿಸಿಯಲ್ಲೇ ಹದ ನೋಡಿ, ಅವರೆ ಆರಿದರೆ ಬೇಗ ಗಟ್ಟಿಯಾಗುತ್ತದೆ. ಬಿಸಿನೀರು ಸೇರಿಸಿ ಸಡಿಲ ಮಾಡಿದಿರಾದರೆ ಚಮಚ, ಫೋರ್ಕ್ ಎರಡರಲ್ಲೂ ಮತ್ತೊಮ್ಮೆ ನೋಡಿಯೇ ಕೊಡಿ.